ಹುಲಿ ಎಷ್ಟು ಕೆಜಿ ಮಾಮ?

ಭಾನುವಾರ ಮೈಸೂರು ಝೂನಲ್ಲಿ ಹುಲಿ ಮುಂದೆ ನಿಂತಿದ್ವಿ. ಅಕ್ಕನ ಮಗ ಕೇಳಿದ, "ಮಾಮ, ಇದು ಎಷ್ಟು ಕೆಜಿ?" ಗಂಡು ಬಂಗಾಳ ಹುಲಿ 200 ಕೆಜಿ ಆಸುಪಾಸು ಇರುತ್ತೆ ಕಣೋ ಅಂದೆ. ಅಷ್ಟಕ್ಕೇ ಬಿಡ್ತಾನಾ? "ಹಳೇ ಕಾಲದ ಕೋರೆಹಲ್ಲಿಂದು?"

ದಕ್ಷಿಣ ಅಮೆರಿಕದಲ್ಲಿದ್ದು ಅಳಿದುಹೋದ, ಉದ್ದ ಕೋರೆಹಲ್ಲಿನ ದೊಡ್ಡ ಬೆಕ್ಕು ಸ್ಮೈಲೊಡಾನ್ ಪಾಪ್ಯುಲೇಟರ್‌ಗೆ 220ರಿಂದ 400 ಕೆಜಿ ಅಂತ ಒಂದು ಅಂದಾಜಿದೆ. ತಕ್ಕಡಿಗೆ ಹಾಕಿದೋರು ಯಾರೂ ಇಲ್ಲ, ಸಿಕ್ಕಿರೋದು ಬರೀ ಮೂಳೆ. ಆ ಕೋರೆ ನೋಡಿ ಲೆಕ್ಕ ಹಾಕಿದ್ರೆ ಮೋಸ ಹೋದಂಗೇ. ಮೈಭಾರ ಹೊರೋದು ಕಾಲು ತಾನೆ? ಅದಕ್ಕೇ ತೊಡೆಮೂಳೆ, ತೋಳುಮೂಳೆ ಅಳೆದು ಈಗಿನ ಹುಲಿ, ಸಿಂಹಗಳ ಮೂಳೆ ಮತ್ತು ತೂಕದ ಜೊತೆ ತಾಳೆ ನೋಡ್ತಾರೆ. ಅದರಲ್ಲೂ ಒಂದು ಪೇಚಿದೆ. ಆಕಾರ ಅದೇ ಇದ್ದು ಉದ್ದ, ಅಗಲ, ಎತ್ತರ ಮೂರೂ ಶೇ. 10 ಹೆಚ್ಚಾದ್ರೆ ತೂಕ ಶೇ. 33 ಏರಿಬಿಡುತ್ತೆ!

ಬದುಕಿರೋ ಹುಲಿ ತೂಕವನ್ನಾದ್ರೂ ನಂಬೋಣ ಅಂದ್ರೆ, ಅದು ಒಂದೇ ಸಲಕ್ಕೆ 30 ಕೆಜಿ ಮಾಂಸ ಇಳಿಸಬಲ್ಲ ಪ್ರಾಣಿ. ಉಂಡ ಮೇಲೆ ತೂಗಿದ್ದೋ, ಉಣ್ಣೋ ಮುಂಚೆಯೋ? (ಬಾಡೂಟ ಮುಗಿಸಿ ತೂಕ ನೋಡಿ ಗಾಬರಿಯಾದ ನಮ್ಮ ಮಂಡ್ಯದ ಭಾವ ನೆನಪಾದ್ರು.)

ಇದನ್ನೆಲ್ಲ ಹೇಳಿ ಮುಗಿಸೋಷ್ಟರಲ್ಲಿ ಹುಡುಗ ಜಿರಾಫೆ ಹತ್ರ ಓಡಿದ್ದ.