ಸಾಲಿಗೇ ಬರದ ಹುಡುಗೀನೂ ಪಾಸ್ ಮಾಡ್ತೀರಲ್ರಿ ಸರ?

ಏಪ್ರಿಲ್ 10ಕ್ಕೆ ಫಲಿತಾಂಶ ಹೇಳಿ, ಪ್ರಗತಿ ಪತ್ರ ಕೊಡುವ ಹೊತ್ತಿಗೆ ಯಾರಾದರೂ ಒಬ್ಬ ಪಾಲಕರು ಇದನ್ನು ಕೇಳಿಯೇ ಕೇಳುತ್ತಾರೆ. “ನಮ್ಮ ಹುಡುಗ ದಿನಾ ಬಂದು ಓದ್ಯಾನ್ರಿ. ಆಕಿ ದೀಪಾವಳಿ ಆದಿಂದ ಮಾರೀನೇ ತೋರ್ಸಿಲ್ಲ. ಇವನೂ ಪಾಸು, ಆಕೀನೂ ಪಾಸು. ಹಿಂಗಾದ್ರ ಓದೋದ್ಯಾಕ್ರಿ ಸರ?”

ಕೇಳುವುದರಲ್ಲಿ ತಪ್ಪಿಲ್ಲ. ಸುಮ್ನೆ “ಸರಕಾರದ ರೂಲ್ಸ್ ರೀ” ಅಂತ ಹೇಳಿ ಕಳಿಸಬಹುದು. 2009ರ ಶಿಕ್ಷಣ ಹಕ್ಕು ಕಾಯ್ದೆ ಎಂಟನೇ ತರಗತಿವರೆಗೆ ಯಾರನ್ನೂ ನಪಾಸು ಮಾಡಬಾರದು ಅಂದಿತ್ತು. 2019ರ ತಿದ್ದುಪಡಿ ಬಂದ ಮೇಲೆ 5 ಮತ್ತು 8ನೇ ತರಗತಿಯಲ್ಲಿ ಹಿಂದೆ ಉಳಿಸುವ ಅವಕಾಶ ರಾಜ್ಯಗಳಿಗಿದೆ. ಆದರೆ ನನ್ನ ಉತ್ತರ ರೂಲ್ಸಿನದಲ್ಲ. ರೂಲ್ಸ್ ನಾಳೆ ಬದಲಾದರೂ ನಾನು ಆ ಹುಡುಗಿಯನ್ನು ಮುಂದಕ್ಕೇ ಕಳಿಸುತ್ತೇನೆ.

ವಿಜಯಪುರ ಜಿಲ್ಲೆಯ ನಮ್ಮಂಥ ಶಾಲೆಗಳಿಗೆ ಊರಿನ ಮಕ್ಕಳ ಜೊತೆ ಪಕ್ಕದ ತಾಂಡಾದ ಮಕ್ಕಳೂ ಬರುತ್ತಾರೆ. ದಸರೆ ರಜೆಗೆ ಮೊದಲು ಎಲ್ಲರೂ ಇರುತ್ತಾರೆ. ದೀಪಾವಳಿ ಮುಗಿದದ್ದೇ ತಡ, ಕಬ್ಬು ಕಡಿಯುವ ಗ್ಯಾಂಗುಗಳು ಸಾಂಗ್ಲಿ, ಕೊಲ್ಹಾಪುರದ ಕಡೆ ಹೊರಡುತ್ತವೆ. ಮುಂಗಡ ಕೊಡುವುದು ಗಂಡ ಹೆಂಡತಿ ಜೋಡಿಗೆ. ಇಬ್ಬರೂ ಹೊಲಕ್ಕಿಳಿದರೆ ಗುಡಿಸಲಲ್ಲಿ ಕೂಸನ್ನು ಯಾರು ನೋಡಬೇಕು? ಹಿರಿ ಮಗಳು. ಹಾಜರಿ ಪುಸ್ತಕದಲ್ಲಿ ಆಕೆಯ ಹೆಸರಿನ ಮುಂದೆ ಪುಟ ತಿರುವಿದಷ್ಟೂ ‘ಗೈ’, ‘ಗೈ’. ಯುಗಾದಿ ಹೊತ್ತಿಗೆ ವಾಪಸ್ ಬಂದಾಗ ವಾರ್ಷಿಕ ಪರೀಕ್ಷೆ ನಡೆದಿರುತ್ತದೆ, ಇಲ್ಲವೇ ಮುಗಿದೇ ಹೋಗಿರುತ್ತದೆ.

ಈ ಸಲ ಹಾಗೆ ಬಂದ ಐದನೇ ತರಗತಿಯ ಒಬ್ಬಳನ್ನು ಕರೆದು ಓದಿಸಿದೆ. ಕೈಯಲ್ಲಿ ಕಬ್ಬಿನ ರವದಿ ಕೊಯ್ದ ಗೆರೆಗಳು. ಟನ್ನಿಗೆ ಇಷ್ಟು ಅಂದರೆ ಟ್ರ್ಯಾಕ್ಟರ್ ಲೋಡಿಗೆ ಎಷ್ಟಾಗುತ್ತದೆ ಅಂತ ಬಾಯಲ್ಲೇ ಲೆಕ್ಕ ಹೇಳಿದಳು, ಮುಂಗಡ ಮುರಿದುಕೊಂಡು. ಕನ್ನಡ ಪುಸ್ತಕ ಕೊಟ್ಟರೆ ಒತ್ತಕ್ಷರ ಬಂದಲ್ಲೆಲ್ಲ ಗಪ್ಪಾದಳು. ಇಂಥವಳನ್ನು ಮತ್ತೆ ಐದರಲ್ಲೇ ಕೂಡಿಸಿದರೆ ಏನಾಗುತ್ತದೆ ಅಂತ ಇಲ್ಲಿನ ಮಾಸ್ತರುಗಳಿಗೆಲ್ಲ ಗೊತ್ತು. ತನಗಿಂತ ಸಣ್ಣವರ ನಡುವೆ ಕೂರಲು ನಾಚಿಕೆ. ಮನೆಯಲ್ಲಿ “ಸಾಕ್ ಬಿಡು” ಅನ್ನುತ್ತಾರೆ. ಮುಂದಿನ ಹಂಗಾಮಿಗೆ ಕೂಸು ನೋಡುವವಳು ಕುಡಗೋಲು ಹಿಡಿಯುತ್ತಾಳೆ. ನಪಾಸು ಮಾಡಿ ಓದು ಕಲಿಸಿದ ಉದಾಹರಣೆ ನಾನಂತೂ ನೋಡಿಲ್ಲ.

ಹಾಗಂತ ಪಾಸ್ ಮಾಡಿದ್ದೇ ದೊಡ್ಡ ಉಪಕಾರ ಅಂತಲೂ ಅಲ್ಲ. ಪ್ರಗತಿ ಪತ್ರದಲ್ಲಿ ಆಕೆಗೆ ಬಂದದ್ದು ‘ಸಿ’. ನಿಮ್ಮ ಮಗನದು ‘ಎ’. ಅವನು ದಿನಾ ಬಂದು ಕಲಿತದ್ದನ್ನು ಯಾರೂ ಕಸಿದಿಲ್ಲ ಅಲ್ವಾ?

ನನ್ನ ನಿಜವಾದ ತಕರಾರು ಬೇರೆ ಇದೆ. ಒಂದರಿಂದ ಮೂರನೇ ತರಗತಿಯ ಮಕ್ಕಳು ಹೀಗೆ ಹೋಗಿ ಬಂದರೆ ನನಗೆ ಅಷ್ಟು ಚಿಂತೆಯಿಲ್ಲ. ಅಲ್ಲಿ ನಲಿ ಕಲಿ ಇದೆ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ಈ ಪದ್ಧತಿಯಲ್ಲಿ ಪ್ರತಿ ಮಗುವೂ ತನ್ನ ವೇಗದಲ್ಲಿ ಕಾರ್ಡ್ ಮುಗಿಸುತ್ತಾ ಏಣಿಯ ಮೆಟ್ಟಿಲು ಹತ್ತುತ್ತದೆ. ತಿಂಗಳುಗಟ್ಟಲೆ ಬಿಟ್ಟು ಬಂದರೂ ನಿಂತ ಮೆಟ್ಟಿಲಿನಿಂದಲೇ ಮತ್ತೆ ಶುರು. ನಾಲ್ಕನೇ ತರಗತಿಗೆ ಬಂದ ಕೂಡಲೇ ಆ ಏಣಿ ಮಾಯ. ಆಮೇಲೆ ಪಠ್ಯಪುಸ್ತಕ, ಅದು ಯಾರಿಗೂ ಕಾಯುವುದಿಲ್ಲ. ವರ್ಷದ ಶುರುವಿನಲ್ಲಿ ಸೇತುಬಂಧ, ಅಂದರೆ ಹಿಂದಿನ ತರಗತಿಯ ಕಲಿಕೆಯನ್ನು ಮತ್ತೆ ಗಟ್ಟಿ ಮಾಡುವ ಪಾಠ, ಮಾಡುತ್ತೇವೆ, ನಿಜ. ಅರ್ಧ ವರ್ಷ ಕಳೆದುಕೊಂಡ ಮಗುವಿಗೆ ಅದು ಏನೇನೂ ಸಾಲದು. ವಲಸೆ ಜಾಸ್ತಿ ಇರುವ ಕಡೆಯಾದರೂ ಏಳನೇ ತರಗತಿವರೆಗೆ ಬಿಟ್ಟಲ್ಲಿಂದ ಹಿಡಿದುಕೊಳ್ಳುವಂಥ ಪಾಠ ಬೇಕು.

ಅದು ಬರುವವರೆಗೆ ನಮಗಿರುವ ದಾರಿ ಒಂದೇ. ಮಗುವನ್ನು ಅಜ್ಜಿಯ ಹತ್ತಿರ ಊರಲ್ಲೇ ಬಿಟ್ಟು ಹೋಗುವಂತೆ ತಂದೆ ತಾಯಿಯನ್ನು ಒಪ್ಪಿಸುವುದು. ಮಧ್ಯಾಹ್ನದ ಬಿಸಿಯೂಟ ಶಾಲೆಯಲ್ಲಿದೆ. ಅವರಿಗೆ ಹೆದರಿಕೆ ಇರುವುದು ರಾತ್ರಿಯದು, ಅದೂ ಹೆಣ್ಣುಮಕ್ಕಳ ವಿಷಯದಲ್ಲಿ. ಹಂಗಾಮಿನಷ್ಟು ದಿನ ನಡೆಯುವ ವಸತಿ ನಿಲಯ ಹತ್ತಿರದಲ್ಲಿದ್ದರೆ ಅರ್ಧ ಮಾತು ಅಲ್ಲೇ ಮುಗಿಯುತ್ತದೆ. ಈ ಸಲ ರಜೆಯಲ್ಲೇ ತಾಂಡಾಕ್ಕೆ ಹೋಗಿ ಅಜ್ಜಿಯಂದಿರನ್ನು ಮಾತಾಡಿಸಬೇಕು ಅಂತಿದ್ದೇನೆ. ಮುಂಗಡದ ರೊಕ್ಕ ಕೈಗೆ ಬಂದ ಮೇಲೆ ಮಾಸ್ತರನ ಮಾತನ್ನು ಯಾರೂ ಕೇಳುವುದಿಲ್ಲ. ನಮ್ಮ ಜೊತೆ ನೀವೂ ಬಂದರೆ ಒಳ್ಳೆಯದು. ನೆರೆಮನೆಯವರು “ನಾವು ನೋಡ್ಕೋತೀವಿ, ಬಿಟ್ಟ್ ಹೋಗ್ರಿ” ಅಂದರೆ ಅದಕ್ಕೆ ಬೇರೆಯೇ ತೂಕ.