ಮಾಂಸ ಬಿಟ್ಟವರು ಸಕ್ಕರೆಯನ್ನೂ ಬಿಟ್ಟಿದ್ದರು

ಮಾಂಸ ಯಾಕೆ ಬಿಟ್ಟಿರಿ ಅಂತ ಕೇಳಿದರೆ ಈಗ ಬರುವ ಉತ್ತರ ಜಾಸ್ತಿ ಕೊಲೆಸ್ಟರಾಲ್ ಬಗ್ಗೆ ಇರುತ್ತದೆ, ಇಲ್ಲವೇ ಹವಾಮಾನದ ಬಗ್ಗೆ. ನಮ್ಮಲ್ಲಾದರೆ ಇನ್ನೊಂದು ಉತ್ತರವೂ ಇದೆ: ನಮ್ಮ ಮನೆತನದಲ್ಲಿ ತಿನ್ನಲ್ಲ, ಅಷ್ಟೇ. ಈ ಮೂರರಲ್ಲೂ ಪ್ರಾಣಿಯೇ ಇಲ್ಲ ನೋಡಿ. ಹದಿನೆಂಟು, ಹತ್ತೊಂಬತ್ತನೇ ಶತಮಾನದಲ್ಲಿ ಇಂಗ್ಲೆಂಡ್ ಮತ್ತು ಅಮೆರಿಕದಲ್ಲಿ ಮಾಂಸ ಬಿಟ್ಟ ಕೆಲವರ ಕಥೆ ನನ್ನನ್ನು ಹಿಡಿದಿಟ್ಟಿದ್ದು ಈ ಕಾರಣಕ್ಕೇ. ಅವರ ವಾದದಲ್ಲಿ ಪ್ರಾಣಿ ಇದೆ. ಅದರ ಪಕ್ಕದಲ್ಲೇ ಗುಲಾಮನಿದ್ದಾನೆ, ಗಿರಣಿಯ ಕೂಲಿ ಇದ್ದಾನೆ, ಗಲ್ಲಿಗೇರುವ ಕೈದಿಯೂ ಇದ್ದಾನೆ.

ಬೆಂಜಮಿನ್ ಲೇ ಅಂತ ಒಬ್ಬನಿದ್ದ. 1682ರಲ್ಲಿ ಇಂಗ್ಲೆಂಡಿನ ಎಸೆಕ್ಸ್‌ನಲ್ಲಿ ಹುಟ್ಟಿದ ಕ್ವೇಕರ್, ಅಂದರೆ ಕ್ರೈಸ್ತರಲ್ಲೇ ಒಂದು ಪಂಥದವನು. ನಾಲ್ಕಡಿ ಎತ್ತರ, ಗೂನು ಬೆನ್ನು, ಬಾಯಿ ಮಾತ್ರ ಯಾರಿಗೂ ಹೆದರದ್ದು. ಬಾರ್ಬಡೋಸ್ ದ್ವೀಪದಲ್ಲಿದ್ದಾಗ ಗುಲಾಮರನ್ನು ಹೇಗೆ ಹಸಿವಿನಲ್ಲಿಟ್ಟು, ಹೊಡೆದು ದುಡಿಸುತ್ತಾರೆ ಅಂತ ಕಣ್ಣಾರೆ ಕಂಡ. ಆಮೇಲೆ ಪೆನ್ಸಿಲ್ವೇನಿಯಾಕ್ಕೆ ಬಂದು ಗುಹೆಯಂಥ ಮನೆಯಲ್ಲಿ ಇದ್ದುಕೊಂಡು, ಅಗಸೆ ನಾರಿನಿಂದ ತನ್ನ ಬಟ್ಟೆ ತಾನೇ ಮಾಡಿಕೊಂಡು ಬದುಕಿದ. ಮಾಂಸ ತಿನ್ನುತ್ತಿರಲಿಲ್ಲ. ಸಕ್ಕರೆಯನ್ನೂ ಮುಟ್ಟುತ್ತಿರಲಿಲ್ಲ, ಯಾಕೆಂದರೆ ಅದು ಗುಲಾಮರ ಕೈಯಿಂದ ಬಂದದ್ದು. 1738ರಲ್ಲಿ ಕ್ವೇಕರ್‌ಗಳ ದೊಡ್ಡ ಸಭೆಗೆ ಹೋಗಿ, ಒಳಗೆ ಕೆಂಪು ಹಣ್ಣಿನ ರಸದ ಚೀಲ ಬಚ್ಚಿಟ್ಟಿದ್ದ ಪುಸ್ತಕವನ್ನು ಎತ್ತಿ ಹಿಡಿದು ಕತ್ತಿಯಿಂದ ಚುಚ್ಚಿದ. ಗುಲಾಮರನ್ನು ಇಟ್ಟುಕೊಂಡಿದ್ದ ದೊಡ್ಡ ಮನುಷ್ಯರ ಮೇಲೆಲ್ಲ ಆ 'ರಕ್ತ' ಚಿಮ್ಮಿತು. ಅವನನ್ನು ಎತ್ತಿ ಹೊರಗೆ ಹಾಕಿದರು. ಇಪ್ಪತ್ತು ವರ್ಷ ಕಳೆದು 1758ರಲ್ಲಿ ಫಿಲಡೆಲ್ಫಿಯಾದ ಕ್ವೇಕರ್ ಸಭೆ ಗುಲಾಮರ ವ್ಯಾಪಾರ ಮಾಡುವವರ ಮೇಲೆ ಶಿಸ್ತುಕ್ರಮ ಅಂತ ತೀರ್ಮಾನ ಮಾಡಿತು. ಮರುವರ್ಷ ಅವನು ತೀರಿಕೊಂಡ.

ಲೇ ಮಾಡಿದ್ದರಲ್ಲಿ ನನಗೆ ಮುಖ್ಯ ಅನಿಸೋದು ಆ ಕತ್ತಿಯ ನಾಟಕವಲ್ಲ. ತಟ್ಟೆಗೆ ಬಂದ ಪ್ರತಿ ವಸ್ತುವಿನ ಹಿಂದೆ ಯಾರಿಗೆ ಪೆಟ್ಟು ಬಿದ್ದಿದೆ ಅಂತ ಕೇಳುತ್ತಿದ್ದ. ಪೆಟ್ಟು ತಿಂದದ್ದು ಮನುಷ್ಯನಾ, ದನವಾ ಅನ್ನುವುದು ಅವನಿಗೆ ಎರಡು ಬೇರೆ ಪ್ರಶ್ನೆ ಆಗಿರಲಿಲ್ಲ. ಯೋಚನೆ ಮಾಡುವುದು ಒಂದು, ಹಾಗೆ ಬದುಕುವುದು ಇನ್ನೊಂದು. ಇಂಗ್ಲೆಂಡಿನ ತತ್ವಜ್ಞಾನಿ ಜೆರೆಮಿ ಬೆಂಥಾಮ್ 1789ರ ತನ್ನ ಪುಸ್ತಕದ ಒಂದು ಅಡಿಟಿಪ್ಪಣಿಯಲ್ಲಿ ಪ್ರಾಣಿಗಳ ಬಗ್ಗೆ ಬರೆಯುತ್ತ, ಅವು ಯೋಚಿಸುತ್ತವಾ, ಮಾತಾಡುತ್ತವಾ ಅನ್ನೋದು ಮುಖ್ಯ ಅಲ್ಲ, ನೋವು ಉಣ್ಣುತ್ತವಾ ಅನ್ನೋದೇ ಪ್ರಶ್ನೆ ಅಂದ. ಎಲ್ಲರೂ ಎತ್ತಿ ಹೇಳುವ ಮಾತು ಅದು. ಅದೇ ಅಡಿಟಿಪ್ಪಣಿಯಲ್ಲಿ ಪ್ರಾಣಿಗಳನ್ನು ತಿನ್ನುವುದು ಸರಿಯೇ ಅಂತಲೂ ಬರೆದಿದ್ದಾನೆ, ಅದನ್ನು ಯಾರೂ ಎತ್ತುವುದಿಲ್ಲ.

ಇಂಗ್ಲೆಂಡಿನಲ್ಲಿ ಇದು ಸಂಘಟನೆಯಾಗಿ ಬೆಳೆದದ್ದು ಗಿರಣಿಗಳ ಊರಿನಲ್ಲಿ. ಮ್ಯಾಂಚೆಸ್ಟರ್ ಪಕ್ಕದ ಸಾಲ್ಫರ್ಡ್‌ನಲ್ಲಿ 1809ರಲ್ಲಿ ವಿಲಿಯಂ ಕೌಹರ್ಡ್ ಅನ್ನುವ ಪಾದ್ರಿ ತನ್ನ ಚರ್ಚಿನವರಿಗೆ ಮಾಂಸ ಬಿಡಿ ಅಂದ. ಆ ಚರ್ಚಿನಿಂದ ಬಂದವರು ಜೋಸೆಫ್ ಬ್ರದರ್ಟನ್. 1832ರಲ್ಲಿ ಸಂಸದರಾದರು, ಗಿರಣಿ ಕೆಲಸದ ಹೊತ್ತು ಕಡಿಮೆ ಮಾಡಲು ಹೋರಾಡಿದರು, ಗಲ್ಲುಶಿಕ್ಷೆ ಬೇಡ ಅಂದರು. 1847ರ ಸೆಪ್ಟೆಂಬರಿನಲ್ಲಿ ರಾಮ್ಸ್‌ಗೇಟ್‌ನಲ್ಲಿ ಸಸ್ಯಾಹಾರಿಗಳ ಸಂಘ ಹುಟ್ಟಿದ ಸಭೆಗೆ ಅಧ್ಯಕ್ಷರೂ ಅವರೇ. ಹೆಂಗಸರು, ಮಕ್ಕಳ ಗಿರಣಿ ದುಡಿಮೆಯನ್ನು ದಿನಕ್ಕೆ ಹತ್ತು ಗಂಟೆಗೆ ಇಳಿಸಿದ ಕಾಯ್ದೆ ಬಂದದ್ದೂ ಅದೇ ವರ್ಷ. ಆದರೆ ಬ್ರದರ್ಟನ್ ಮನೆತನದ ದುಡ್ಡು ಬಂದದ್ದು ಹತ್ತಿ ಗಿರಣಿಯಿಂದ. ಆ ಕಾಲದ ಲ್ಯಾಂಕಶೈರ್ ಗಿರಣಿಗಳಿಗೆ ಹತ್ತಿ ಬರುತ್ತಿದ್ದದ್ದು ಹೆಚ್ಚಾಗಿ ಅಮೆರಿಕದ ಗುಲಾಮರ ಹೊಲಗಳಿಂದ. ಲೇ ಬದುಕಿದ್ದರೆ ಖಂಡಿತ ಏನಾದರೂ ಅನ್ನುತ್ತಿದ್ದ!

ಹತ್ತಿಯನ್ನೂ ಬಿಟ್ಟವರು ಇದ್ದರು. 1843ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಬ್ರಾನ್ಸನ್ ಆಲ್ಕಾಟ್ ಮತ್ತು ಚಾರ್ಲ್ಸ್ ಲೇನ್ 'ಫ್ರೂಟ್‌ಲ್ಯಾಂಡ್ಸ್' ಅಂತ ಒಂದು ತೋಟ ಶುರು ಮಾಡಿದರು. ಮಾಂಸ ಇಲ್ಲ, ಹಾಲು ಇಲ್ಲ, ಮೊಟ್ಟೆ ಇಲ್ಲ. ಗುಲಾಮರ ದುಡಿಮೆ ಅಂತ ಹತ್ತಿ ಬಟ್ಟೆ ಬೇಡ, ಕುರಿಯದ್ದು ಅಂತ ಉಣ್ಣೆ ಬೇಡ, ನಾರುಬಟ್ಟೆಯೇ ಗತಿ. ಎತ್ತು ಕಟ್ಟಿ ಉಳುವುದೂ ತಪ್ಪು ಅನ್ನುವಷ್ಟು ದೂರ ಹೋದರು. ಎಲ್ಲ ಸರಿ, ಆದರೆ ಗಂಡಸರು ಆದರ್ಶದ ಭಾಷಣ ಮಾಡುತ್ತ ಊರೂರು ಸುತ್ತುವಾಗ ಮನೆಯಲ್ಲಿ ಅಡುಗೆ, ಒಗೆತ, ಹೊಲಿಗೆ ಎಲ್ಲ ಬಿದ್ದದ್ದು ಆಲ್ಕಾಟನ ಹೆಂಡತಿ ಅಬಿಗೇಲ್ ಮತ್ತು ಅವರ ಪುಟ್ಟ ಹೆಣ್ಣುಮಕ್ಕಳ ಮೇಲೆ. ಎತ್ತಿನ ಹೆಗಲು ಕಂಡವರಿಗೆ ಹೆಂಡತಿಯ ಸೊಂಟ ಕಾಣಲಿಲ್ಲ. ಚಳಿಗಾಲ ಮುಗಿಯುವ ಮೊದಲೇ ತೋಟ ಮುಚ್ಚಿತು. ಈ ಕಥೆಯನ್ನು ಸುಮ್ನೆ ತಮಾಷೆಗೆ ಹೇಳುವವರು ಜಾಸ್ತಿ. ನನಗೆ ಇದು ಆ ವಾದ ಸುಳ್ಳು ಅನ್ನುವುದಕ್ಕೆ ಸಾಕ್ಷಿ ಅನಿಸುವುದಿಲ್ಲ. ಅವರದೇ ಅಳತೆಗೋಲನ್ನು ಅವರ ಅಡುಗೆಮನೆಗೆ ಹಿಡಿದರೆ ಅವರು ಸೋಲುತ್ತಾರೆ, ಅಳತೆಗೋಲು ಸರಿಯಾಗಿಯೇ ಇದೆ.

ಆ ಅಳತೆಗೋಲನ್ನು ಚೊಕ್ಕವಾಗಿ ಹಿಡಿದವನು ಇಂಗ್ಲೆಂಡಿನ ಲೇಖಕ ಹೆನ್ರಿ ಸಾಲ್ಟ್. ಶ್ರೀಮಂತರ ಮಕ್ಕಳು ಓದುವ ಈಟನ್ ಶಾಲೆಯಲ್ಲಿ ಮೇಷ್ಟ್ರಾಗಿದ್ದವನು. ತಾನು ಮತ್ತು ತನ್ನ ಜೊತೆಯ ಮೇಷ್ಟ್ರುಗಳು ಒಂದು ಕಡೆ ಪ್ರಾಣಿಗಳ ಮಾಂಸ ತಿನ್ನುತ್ತ, ಇನ್ನೊಂದು ಕಡೆ ಬಡವರ ಬೆವರಿನಲ್ಲಿ ಬದುಕುತ್ತ ಎರಡು ರೀತಿಯಲ್ಲೂ ನರಭಕ್ಷಕರೇ ಆಗಿದ್ದೇವೆ ಅಂತ ಅವನಿಗೆ ಅನಿಸಿತು. ಕೆಲಸ ಬಿಟ್ಟ, ಹಳ್ಳಿಯ ಪುಟ್ಟ ಮನೆಗೆ ಹೋದ. 1891ರಲ್ಲಿ ಕಟ್ಟಿದ ಸಂಘದ ಮೂಲಕ ಜೈಲಿನ ಛಡಿಯೇಟು, ಗಲ್ಲು, ಮೋಜಿನ ಬೇಟೆ, ಕಸಾಯಿಖಾನೆ ಎಲ್ಲದರ ಬಗ್ಗೆಯೂ ಜಗಳ ತೆಗೆದ. ತಪ್ಪು ಕಸಾಯಿಯದ್ದಲ್ಲ, ಆ ಕೆಲಸವನ್ನು ಅವನ ತಲೆಗೆ ಕಟ್ಟಿ ದೂರ ಕೂತು ತಿನ್ನುವವನದ್ದು ಅಂದ. ನಾವು ತಿನ್ನದಿದ್ದರೆ ಹಂದಿ ಹುಟ್ಟುತ್ತಲೇ ಇರಲಿಲ್ಲ, ಹಾಗಾಗಿ ಅದಕ್ಕೆ ನಾವು ಉಪಕಾರವೇ ಮಾಡಿದ್ದೇವೆ ಅನ್ನುವ ಹಳೇ ವಾದಕ್ಕೂ ಅವನ ಹತ್ತಿರ ಉತ್ತರ ಇತ್ತು: ಇನ್ನೂ ಹುಟ್ಟದ ಜೀವಕ್ಕೆ ಲಾಭವೂ ಇಲ್ಲ ನಷ್ಟವೂ ಇಲ್ಲ. ಈ ತರ್ಕ ಒಪ್ಪಿದರೆ ಮಾರುವುದಕ್ಕೇ ಅಂತ ಹುಟ್ಟಿಸಿದ ಗುಲಾಮನ ಮಗುವಿಗೂ ಉಪಕಾರ ಮಾಡಿದ್ದೇವೆ ಅಂತಾಗುತ್ತದೆ, ಅಲ್ವಾ?

ಗಾಂಧಿ 1888ರಲ್ಲಿ ಲಂಡನ್ನಿಗೆ ಹೋದಾಗ ಮಾಂಸ ತಿನ್ನದೆ ಇದ್ದದ್ದು ತಾಯಿಗೆ ಕೊಟ್ಟ ಮಾತಿಗೆ ಕಟ್ಟುಬಿದ್ದು. ಮನಸ್ಸಿನಲ್ಲಿ ಭಾರತೀಯರೆಲ್ಲ ಮಾಂಸ ತಿಂದು ಗಟ್ಟಿಯಾಗಬೇಕು ಅಂತಲೇ ಇತ್ತು. ಅಲ್ಲಿ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ಕೊಂಡ ಸಾಲ್ಟ್‌ನ ಪುಸ್ತಕ ಓದಿದ ಮೇಲೆ ಅದು ಅವರ ಸ್ವಂತ ಆಯ್ಕೆ ಆಯಿತು. 1931ರಲ್ಲಿ ಲಂಡನ್ನಿನ ಸಸ್ಯಾಹಾರಿಗಳ ಮುಂದೆ ಮಾತಾಡುವಾಗ, ಸಾಲ್ಟ್ ಕೂಡ ಆ ಸಭೆಯಲ್ಲಿದ್ದ, ಆರೋಗ್ಯಕ್ಕೆ ಅಂತ ಮಾಂಸ ಬಿಟ್ಟವರು ಬಹಳಷ್ಟು ಮಂದಿ ವಾಪಸ್ ಹೋಗುತ್ತಾರೆ, ನಿಲ್ಲಬೇಕಾದರೆ ನೈತಿಕ ಕಾರಣ ಬೇಕು ಅಂದರು. ನಮ್ಮಲ್ಲಿ ಸಸ್ಯಾಹಾರ ಅಂದರೆ ಮಡಿ, ಮೇಲುಕೀಳು. ಪಾತ್ರೆ ಬೇರೆ ಇಡುವವರು, ಮಾಂಸ ತಿನ್ನುವವರಿಗೆ ಬಾಡಿಗೆ ಮನೆ ಕೊಡದವರು ಗಾಂಧಿಯ ಹೆಸರು ಹೇಳುತ್ತಾರೆ. ಆ ಮಡಿಯಲ್ಲಿ ಮೈಲಿಗೆ ಆಗುವ ಭಯ ಇದೆ, ಕುರಿಯ ನೋವು ಎಲ್ಲಿದೆ?

ಸಾಲ್ಟ್‌ನಂಥ ಆ ಸುಧಾರಕರನ್ನು ಅವರ ಜೊತೆಗಾರರೇ ಒಪ್ಪಲಿಲ್ಲ. ಅಗ್ಗದ ಊಟದಲ್ಲಿ ಕೂಲಿಗಾರ ಬದುಕಬಲ್ಲ ಅಂತ ಗೊತ್ತಾದರೆ ಮಾಲೀಕ ಕೂಲಿಯನ್ನೇ ಇಳಿಸುತ್ತಾನೆ ಅಂತ ಕೆಲವು ಸಮಾಜವಾದಿಗಳು ವಾದಿಸಿದರು. ಭಯ ಸುಳ್ಳೇನಲ್ಲ, ಆದರೆ ಅದಕ್ಕೆ ಬೇಕಾದದ್ದು ಗಟ್ಟಿ ಕಾರ್ಮಿಕ ಸಂಘ. ನನಗೆ ಹೆಚ್ಚು ಕಷ್ಟ ಕೊಡುವ ಆಕ್ಷೇಪ ಒಳಗಿನವರದ್ದೇ. ಹಸು ಹಾಲು ಕೊಡಬೇಕಾದರೆ ಕರು ಹಾಕಲೇಬೇಕು, ಗಂಡು ಕರುವಿಗೆ ಆ ವ್ಯಾಪಾರದಲ್ಲಿ ಜಾಗ ಇಲ್ಲ, ಹಾಗಾಗಿ ಹಾಲು ಕುಡಿಯುವವರೂ ಕಸಾಯಿಖಾನೆಯ ಗಿರಾಕಿಗಳೇ ಅಂತ ಕೆಲವರು ಪಟ್ಟು ಹಿಡಿದರು. ಸಸ್ಯಾಹಾರಿಗಳ ಸಂಘ ಅವರಿಗೆ ಜಾಗ ಕೊಡಲಿಲ್ಲ. 1944ರ ನವೆಂಬರಿನಲ್ಲಿ ಡೊನಾಲ್ಡ್ ವಾಟ್ಸನ್ ಮತ್ತು ಕೆಲವು ಗೆಳೆಯರು ಬೇರೆ ಸಂಘ ಕಟ್ಟಿಕೊಂಡು ಹೊರಟರು. ಪ್ರಾಣಿಗೆ ನೋವಾಗಬಾರದು ಅನ್ನುವ ಕಾರಣಕ್ಕೇ ಮಾಂಸ ಬಿಟ್ಟು, ಹಾಲು ಮಾತ್ರ ಇಟ್ಟುಕೊಂಡವರು ಅವರಿಗೆ ಕೊಡಬಹುದಾದ ಒಳ್ಳೆಯ ಉತ್ತರವನ್ನು ನಾನು ಇದುವರೆಗೂ ಓದಿಲ್ಲ.