ದಿವಾಳಿ ಅರ್ಜಿಗೆ ಮುನ್ನ ಆದಾಯದ ದಾಖಲೆ: ಒಂದೇ ಸಂಬಳ, ಮೂರು ಲೆಕ್ಕ

ಅಮೆರಿಕದಲ್ಲಿ ದಿವಾಳಿ ಅರ್ಜಿ ಹಾಕಬೇಕೆಂದು ಹೊರಟರೆ ಎಲ್ಲರೂ ಮೊದಲು ಕೇಳುವುದು ಪೇಸ್ಟಬ್, ಅಂದರೆ ಸಂಬಳದ ಚೀಟಿ. ಎಷ್ಟು ದಿನದ್ದು ಎಂದರೆ ಮಾತ್ರ ಉತ್ತರ ಒಂದೇ ಇರುವುದಿಲ್ಲ. ಒಬ್ಬರು ಎರಡು ತಿಂಗಳು ಅನ್ನುತ್ತಾರೆ, ಇನ್ನೊಬ್ಬರು ಆರು ತಿಂಗಳು, ಮತ್ತೊಬ್ಬರು ಹಿಂದಿನ ಎರಡು ವರ್ಷದ ಲೆಕ್ಕವನ್ನೂ ಕೇಳುತ್ತಾರೆ. ಮೂವರೂ ಹೇಳುವುದು ಸರಿಯೇ. ಒಂದೇ ಸಂಬಳವನ್ನು ಕಾನೂನು ಮೂರು ಬೇರೆ ಬೇರೆ ಅವಧಿಗೆ ಅಳೆಯುತ್ತದೆ. ಇವನ್ನು ಕಲಸಿಕೊಂಡರೆ ಫಾರ್ಮ್‌ಗಳ ಅಂಕಿಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ.

ಮೊದಲನೆಯದು 60 ದಿನ. ಅರ್ಜಿ ಹಾಕುವ ದಿನದಿಂದ ಹಿಂದಕ್ಕೆ 60 ದಿನಗಳಲ್ಲಿ ಯಾವ ಕಂಪನಿಯಿಂದ ಸಂಬಳ ಬಂದಿದ್ದರೂ ಅದರ ಪೇಸ್ಟಬ್ ಒಪ್ಪಿಸಬೇಕು. ಕೆಲವು ಕಡೆ ಇದನ್ನು ಕೋರ್ಟಿಗೇ ಸಲ್ಲಿಸಬೇಕು, ಕೆಲವು ಕಡೆ ಟ್ರಸ್ಟೀಗೆ (ಕೇಸು ನೋಡಿಕೊಳ್ಳಲು ನೇಮಕವಾದವರಿಗೆ) ಕಳಿಸಿದರೆ ಸಾಕು. ನಿಮ್ಮ ಜಿಲ್ಲೆಯ ದಿವಾಳಿ ಕೋರ್ಟಿನ ಸ್ಥಳೀಯ ನಿಯಮ ನೋಡಿಕೊಳ್ಳಿ. ಅರ್ಜಿಯ ಜೊತೆಗೇ ಕೊಡಲಾಗದಿದ್ದರೆ 14 ದಿನಗಳ ಕಾಲಾವಕಾಶವಿದೆ. ಕೋರ್ಟು ವಿನಾಯಿತಿಯನ್ನೋ ಹೆಚ್ಚಿನ ಸಮಯವನ್ನೋ ಕೊಡದೆ 45 ದಿನ ದಾಟಿದರೆ ಕೇಸು ವಜಾ ಆಗುತ್ತದೆ. ಸಾಲ ಎಷ್ಟಿತ್ತು, ಕಷ್ಟ ಏನಿತ್ತು ಎಂಬುದು ಆಗ ಲೆಕ್ಕಕ್ಕೆ ಬರುವುದಿಲ್ಲ. ಆ 60 ದಿನಗಳಲ್ಲಿ ಕೆಲಸವೇ ಇರಲಿಲ್ಲವೆಂದರೆ ಸುಮ್ಮನಿರಬೇಡಿ. ಪೇಸ್ಟಬ್ ಏಕಿಲ್ಲ ಎಂಬ ಹೇಳಿಕೆಗೆ ಸಹಿ ಹಾಕಿ ಕೊಡಬೇಕೆಂದು ಹಲವು ಕೋರ್ಟುಗಳು ಕೇಳುತ್ತವೆ.

ಎರಡನೆಯದು ಮೀನ್ಸ್ ಟೆಸ್ಟ್, ಅಂದರೆ ಆದಾಯವನ್ನು ಅಳೆದು ನೋಡುವ ಪರೀಕ್ಷೆ. ನಿಜವಾದ ತಲೆನೋವು ಇಲ್ಲೇ. ಬಹುಪಾಲು ಸಾಲ ಮನ್ನಾ ಆಗುವ ಚಾಪ್ಟರ್ 7ಕ್ಕೆ ಫಾರ್ಮ್ 122ಎ-1, ಕಂತುಗಳಲ್ಲಿ ತೀರಿಸುವ ಚಾಪ್ಟರ್ 13ಕ್ಕೆ 122ಸಿ-1. ಎರಡರಲ್ಲೂ ಅರ್ಜಿ ಹಾಕುವ ತಿಂಗಳನ್ನು ಬಿಟ್ಟು ಅದರ ಹಿಂದಿನ ಆರು ಪೂರ್ಣ ತಿಂಗಳ ಆದಾಯ ಬರೆಯಬೇಕು. ಸೆಪ್ಟೆಂಬರಿನಲ್ಲಿ ಯಾವ ತಾರೀಖಿಗೆ ಹಾಕಿದರೂ ಲೆಕ್ಕ ಮಾರ್ಚ್ 1ರಿಂದ ಆಗಸ್ಟ್ 31ರವರೆಗೆ. ಆರು ತಿಂಗಳ ಮೊತ್ತವನ್ನು 6ರಿಂದ ಭಾಗಿಸಿ, ಬಂದದ್ದನ್ನು 12ರಿಂದ ಗುಣಿಸಿ, ನಿಮ್ಮ ರಾಜ್ಯದಲ್ಲಿ ಅಷ್ಟೇ ಜನರಿರುವ ಕುಟುಂಬದ ಮಧ್ಯಮ (ಮೀಡಿಯನ್) ಆದಾಯದ ಜೊತೆ ಹೋಲಿಸುತ್ತಾರೆ.

ಎರಡು ವಾರಕ್ಕೊಮ್ಮೆ 2,400 ಡಾಲರ್ ಗ್ರಾಸ್ (ಕಡಿತಗಳಿಗೆ ಮುಂಚಿನ) ಸಂಬಳ ಬರುವವರನ್ನು ತೆಗೆದುಕೊಳ್ಳಿ. ವರ್ಷಕ್ಕೆ 26 ಪೇಚೆಕ್, ಅಂದರೆ 62,400 ಡಾಲರ್. 2024ರಲ್ಲಿ ಮಾರ್ಚ್ 1 ಶುಕ್ರವಾರ. ಅಂದೇ ಸಂಬಳದ ದಿನವಾಗಿದ್ದರೆ ಆಗಸ್ಟ್ 30ರದ್ದೂ ಸೇರಿ ಆ ಆರು ತಿಂಗಳಲ್ಲಿ 14 ಪೇಚೆಕ್ ಬೀಳುತ್ತವೆ. ಮೊತ್ತ 33,600, ತಿಂಗಳಿಗೆ 5,600, ವರ್ಷಕ್ಕೆ 67,200. ಒಂದು ಡಾಲರೂ ಸಂಬಳ ಹೆಚ್ಚಾಗಿಲ್ಲ, ಆದರೂ ಕಾಗದದ ಮೇಲೆ 4,800 ಡಾಲರ್ ಏರಿಬಿಟ್ಟಿತು. ಅದೇ ಅರ್ಜಿಯನ್ನು ಅಕ್ಟೋಬರಿನಲ್ಲಿ ಹಾಕಿದ್ದರೆ ಏಪ್ರಿಲಿನಿಂದ ಸೆಪ್ಟೆಂಬರ್‌ವರೆಗೆ 13 ಪೇಚೆಕ್, ಲೆಕ್ಕ ಮತ್ತೆ 62,400ಕ್ಕೇ ಬಂದು ನಿಲ್ಲುತ್ತದೆ. ಬೋನಸ್ ಇದಕ್ಕಿಂತ ಕೆಟ್ಟದ್ದು. ವರ್ಷಕ್ಕೊಮ್ಮೆ ಬರುವ 6,000 ಡಾಲರ್ ಈ ಆರು ತಿಂಗಳೊಳಗೆ ಬಿದ್ದರೆ ವಾರ್ಷಿಕ ಲೆಕ್ಕದಲ್ಲಿ 12,000 ಆಗಿ ಕೂರುತ್ತದೆ. ಆದ್ದರಿಂದ ತಾರೀಖು ಗೊತ್ತುಮಾಡುವ ಮೊದಲು ಪೇಸ್ಟಬ್‌ಗಳನ್ನು ಸಂಬಳ ಕೈಸೇರಿದ ದಿನದ ಪ್ರಕಾರ ಜೋಡಿಸಿ, ತಿಂಗಳಿಗೆಷ್ಟು ಬಿದ್ದಿವೆ ಎಂದು ಎಣಿಸಿ. ಮಧ್ಯಮ ಆದಾಯ ದಾಟಿದ ಮಾತ್ರಕ್ಕೆ ಚಾಪ್ಟರ್ 7ರ ಬಾಗಿಲು ಮುಚ್ಚುವುದಿಲ್ಲ ನಿಜ. ಆದರೆ 122ಎ-2 ಎಂಬ ಉದ್ದನೆಯ ಖರ್ಚಿನ ಫಾರ್ಮ್ ತುಂಬಬೇಕು, ಅದಕ್ಕೆ ಬೇರೆಯೇ ಕಾಗದಗಳ ಕಂತೆ ಬೇಕು.

ಬ್ಯಾಂಕ್ ಖಾತೆಗೆ ಬಂದ ಮೊತ್ತವನ್ನೇ ಸಂಬಳವೆಂದು ಬರೆಯುವುದು ಸಾಮಾನ್ಯ ತಪ್ಪು. ಫಾರ್ಮ್ ಕೇಳುವುದು ತೆರಿಗೆ, ಆರೋಗ್ಯ ವಿಮೆ, 401ಕೆ ಎಂಬ ನಿವೃತ್ತಿ ಉಳಿತಾಯ ಯಾವುದನ್ನೂ ಕಳೆಯದ ಗ್ರಾಸ್ ಮೊತ್ತ. ಬ್ಯಾಂಕ್ ಸ್ಟೇಟ್‌ಮೆಂಟ್ ಅದನ್ನು ತೋರಿಸುವುದಿಲ್ಲ.

ನಡುವೆ ಒಂದು ಪೇಸ್ಟಬ್ ಕಳೆದುಹೋಗಿದ್ದರೆ ಅದರ ಆಚೀಚಿನ ಎರಡನ್ನು ತೆಗೆದು ‘ವೈಟಿಡಿ’ (ವರ್ಷದ ಆರಂಭದಿಂದ ಅಲ್ಲಿಯವರೆಗಿನ ಮೊತ್ತ) ಕಾಲಂ ನೋಡಿ. ಜೂನ್ 7ರದ್ದರಲ್ಲಿ 28,800, ಜುಲೈ 5ರದ್ದರಲ್ಲಿ 33,600 ಎಂದಿದ್ದರೆ ವ್ಯತ್ಯಾಸ 4,800. ಅದರಲ್ಲಿ ಜುಲೈ 5ರ 2,400 ಕಳೆದರೆ ಸಿಗದ ಜೂನ್ 21ರದ್ದು 2,400. ಮೀನ್ಸ್ ಟೆಸ್ಟ್ ಅಂಕಿ ಹಿಡಿಯಲು ಇದು ಸಾಕು. 60 ದಿನದೊಳಗಿನದ್ದಾದರೆ ಮಾತ್ರ ಈ ಲೆಕ್ಕವನ್ನು ನೆಚ್ಚಿಕೊಳ್ಳದೆ ಪೇರೋಲ್‌ನವರಿಂದ ಪ್ರತಿಯನ್ನೇ ತರಿಸಿ. ಕೆಲಸ ಬಿಟ್ಟಮೇಲೆ ಕಂಪನಿಯ ಪೋರ್ಟಲ್ ಲಾಗಿನ್ ನಿಂತುಹೋಗುವುದುಂಟು. ರಾಜೀನಾಮೆ ಕೊಡುವ ಮೊದಲೇ ಎಲ್ಲವನ್ನೂ ಪಿಡಿಎಫ್ ಆಗಿ ಇಳಿಸಿಕೊಳ್ಳಿ. ಫೋನಿನಲ್ಲಿ ತೆಗೆದ, ಅಂಚು ಕತ್ತರಿಸಿಹೋದ ಫೋಟೋ ಕಳಿಸಿದರೆ ಹೆಚ್ಚಾಗಿ ಈ ವೈಟಿಡಿ ಕಾಲಮ್ಮೇ ಕಾಣೆಯಾಗಿರುತ್ತದೆ.

ಸಂಬಳದ ಹೊರತಾದ ಆದಾಯವನ್ನು ಜನ ಮರೆಯುತ್ತಾರೆ. ಬಾಡಿಗೆ, ಬಡ್ಡಿ, ಪಿಂಚಣಿ, ನಿರುದ್ಯೋಗ ಭತ್ಯೆ, ಮಕ್ಕಳ ಪೋಷಣೆಗೆ ಬರುವ ಹಣ, ಮನೆಖರ್ಚಿಗೆಂದು ಅಣ್ಣನೋ ಅಪ್ಪನೋ ತಿಂಗಳು ತಿಂಗಳು ಕಳಿಸುವ ದುಡ್ಡು, ಎಲ್ಲವೂ ಸೇರುತ್ತದೆ. ಬೇರೆ ದೇಶದಲ್ಲಿರುವ ಮನೆಯ ಬಾಡಿಗೆಯೂ ಆದಾಯವೇ; ಅದು ಅಲ್ಲಿನ ಖಾತೆಗೇ ಬೀಳುತ್ತದೆ ಎಂಬುದು ಕಾರಣವಾಗದು. ಆ ಮನೆ ಮತ್ತು ಖಾತೆಯನ್ನು ಆಸ್ತಿ ಪಟ್ಟಿಯಲ್ಲೂ ತೋರಿಸಬೇಕು. ಗಂಡ ಹೆಂಡತಿಯಲ್ಲಿ ಒಬ್ಬರೇ ಅರ್ಜಿ ಹಾಕಿದರೂ ಒಂದೇ ಮನೆಯಲ್ಲಿದ್ದರೆ ಇನ್ನೊಬ್ಬರ ಆದಾಯದ ಕಾಲಂ ಖಾಲಿ ಬಿಡುವಂತಿಲ್ಲ, ಹಾಗಾಗಿ ಅವರ ಪೇಸ್ಟಬ್‌ಗಳೂ ಬೇಕು. ಸೋಷಿಯಲ್ ಸೆಕ್ಯುರಿಟಿ ಹಣ ಮೀನ್ಸ್ ಟೆಸ್ಟ್‌ಗೆ ಸೇರುವುದಿಲ್ಲ. ಆದರೆ ಈಗಿನ ಆದಾಯ ಬರೆಯುವ ಶೆಡ್ಯೂಲ್ ಐನಲ್ಲಿ ಅದೂ ಬರುತ್ತದೆ, ಆದ್ದರಿಂದ ಅದರ ಮಂಜೂರಾತಿ ಪತ್ರ ಇಟ್ಟುಕೊಳ್ಳಿ.

ಗಾಡಿ ಓಡಿಸುವವರು, ಸ್ವಂತ ಕೆಲಸದವರಿಗೆ ಪೇಸ್ಟಬ್ ಇರುವುದಿಲ್ಲ. ಅವರು ಆರು ತಿಂಗಳಿಗೂ ತಿಂಗಳುವಾರು ಬಂದದ್ದೆಷ್ಟು, ವ್ಯವಹಾರಕ್ಕೆ ಹೋದದ್ದೆಷ್ಟು ಎಂಬ ಲಾಭ-ನಷ್ಟದ ಪಟ್ಟಿ ಮಾಡಿ, ಬ್ಯಾಂಕ್ ಸ್ಟೇಟ್‌ಮೆಂಟ್‌ನ ಜಮೆಗಳಿಗೆ ಗುರುತು ಹಾಕಬೇಕು. ಇಂಥ ಆದಾಯ ತೋರಿಸುವ 1099 ಫಾರ್ಮ್ ಇಡೀ ವರ್ಷದ್ದಾದ್ದರಿಂದ ಆರು ತಿಂಗಳ ಲೆಕ್ಕಕ್ಕೆ ಅದೊಂದೇ ಸಾಲದು.

ಮೂರನೆಯದು ವರ್ಷದ ಲೆಕ್ಕ. ಫಾರ್ಮ್ 107ರಲ್ಲಿ ಈ ವರ್ಷ ಇಲ್ಲಿಯವರೆಗಿನದ್ದು ಮತ್ತು ಹಿಂದಿನ ಎರಡು ಕ್ಯಾಲೆಂಡರ್ ವರ್ಷದ ಗ್ರಾಸ್ ಆದಾಯ ಬರೆಯಬೇಕು. ಕಂಪನಿ ಕೊಡುವ ವಾರ್ಷಿಕ ಸಂಬಳದ ಫಾರ್ಮ್ ಡಬ್ಲ್ಯೂ-2 ನೋಡಿ ಬರೆಯುವಾಗ ಮೊದಲ ಬಾಕ್ಸಿನ ಅಂಕಿಯಿಂದ 401ಕೆಗೆ ಹಾಕಿದ್ದು ಆಗಲೇ ಕಳೆದಿರುತ್ತದೆ ಎಂಬುದು ನೆನಪಿರಲಿ. ವರ್ಷದ ಕೊನೆಯ ಪೇಸ್ಟಬ್ಬೇ ಮೇಲು. ಇತ್ತೀಚಿನ ಟ್ಯಾಕ್ಸ್ ರಿಟರ್ನ್ ಅಥವಾ ಅದರ ಟ್ರಾನ್ಸ್‌ಕ್ರಿಪ್ಟ್ (ತೆರಿಗೆ ಇಲಾಖೆ ಕೊಡುವ ಸಾರಾಂಶ), ಸಾಲ ಕೊಟ್ಟವರ ಸಭೆಗೆ (ಅರ್ಜಿ ಹಾಕಿದ ಮೇಲೆ ಟ್ರಸ್ಟೀ ಪ್ರಶ್ನೆ ಕೇಳುವ ಸಭೆಗೆ) ಕನಿಷ್ಠ 7 ದಿನ ಮೊದಲು ಟ್ರಸ್ಟೀ ಕೈಸೇರಬೇಕು. ಚಾಪ್ಟರ್ 13 ಆದರೆ ಹಿಂದಿನ ನಾಲ್ಕು ವರ್ಷಗಳಲ್ಲಿ ಸಲ್ಲಿಸಬೇಕಾಗಿದ್ದ ರಿಟರ್ನ್‌ಗಳೆಲ್ಲ ಸಲ್ಲಿಕೆಯಾಗಿರಬೇಕು. ಪ್ರತಿ ಕಳೆದುಹೋಗಿದ್ದರೆ ತೆರಿಗೆ ಇಲಾಖೆಯಾದ ಐಆರ್‌ಎಸ್‌ನ ಆನ್‌ಲೈನ್ ಖಾತೆಯಲ್ಲಿ ಅಥವಾ ಫಾರ್ಮ್ 4506-ಟಿ ಮೂಲಕ ಟ್ರಾನ್ಸ್‌ಕ್ರಿಪ್ಟ್ ಉಚಿತವಾಗಿ ಸಿಗುತ್ತದೆ. ಪೂರ್ತಿ ರಿಟರ್ನಿನ ಪ್ರತಿಗೆ ಶುಲ್ಕವಿದೆ, ಕಾಯುವುದೂ ಹೆಚ್ಚು. ಟ್ರಾನ್ಸ್‌ಕ್ರಿಪ್ಟ್ ಸಾಕಾಗುವ ಕಡೆ ಪೂರ್ತಿ ಪ್ರತಿಯ ಹಿಂದೆ ಬೀಳಬೇಡಿ.

ಕೋರ್ಟಿಗೆ ಸಲ್ಲಿಸುವ ಪ್ರತಿಗಳಲ್ಲಿ ಸೋಷಿಯಲ್ ಸೆಕ್ಯುರಿಟಿ ಮತ್ತು ಖಾತೆ ಸಂಖ್ಯೆಗಳ ಕೊನೆಯ ನಾಲ್ಕು ಅಂಕಿ ಮಾತ್ರ ಉಳಿಸಿ, ಉಳಿದದ್ದನ್ನು ಕಪ್ಪು ಮಾಡಿ. ಪಿಡಿಎಫ್‌ನಲ್ಲಿ ಕಪ್ಪು ಚೌಕ ಎಳೆದರೆ ಕೆಲವೊಮ್ಮೆ ಕೆಳಗಿನ ಅಕ್ಷರ ಹಾಗೆಯೇ ಉಳಿದಿರುತ್ತದೆ, ನಕಲು ಮಾಡಿ ಅಂಟಿಸಿದರೆ ಓದಲು ಬರುತ್ತದೆ. ಮುದ್ರಿಸಿ, ಮಾರ್ಕರ್‌ನಿಂದ ಅಳಿಸಿ, ಮತ್ತೆ ಸ್ಕ್ಯಾನ್ ಮಾಡುವುದು ಒರಟು ದಾರಿಯಾದರೂ ನಂಬಬಹುದು. ಅರ್ಜಿ ಹಾಕಿದ ಮೇಲೂ ಪೇಸ್ಟಬ್ ತೆಗೆದಿಡುವುದನ್ನು ನಿಲ್ಲಿಸಬೇಡಿ: ಸಾಲ ಕೊಟ್ಟವರ ಸಭೆಗೆ ಇತ್ತೀಚಿನ ಪೇಸ್ಟಬ್ ಮತ್ತು ಅರ್ಜಿ ಹಾಕಿದ ದಿನವನ್ನು ಒಳಗೊಂಡ ಬ್ಯಾಂಕ್ ಸ್ಟೇಟ್‌ಮೆಂಟ್ ಬೇಕು. ಆ ಸ್ಟೇಟ್‌ಮೆಂಟ್ ಬ್ಯಾಂಕಿನಿಂದ ಬರುವುದೇ ತಿಂಗಳು ಮುಗಿದ ಮೇಲೆ.